ಉಡಿ ತುಂಬಿಸಿಕೊಂಡು ಹೊರಟ ಗಾಡಿ

ಗಡಿಯ ಆಚೆ

ನನ್ನ ಜೊತೆ ಬೆಳಗಿನ ವಾಕಿಂಗ್ ಬರುವ ಗೆಳತಿಯರೆಲ್ಲ ಒಬ್ಬೊಬ್ಬರಾಗಿ ದುಬೈ, ಸಿಂಗಾಪುರ, ಸ್ವಿಟ್ಜರ್ಲೆಂಡ್ ಮುಗಿಸಿ ಬಂದಿದ್ದಾರೆ. ಬಂದವರು ಹಿಮದಲ್ಲಿ ನಿಂತ ಫೋಟೋ ತೋರಿಸುತ್ತಾರೆ, ಚಾಕಲೇಟು ಹಂಚುತ್ತಾರೆ. ಈ ಸಲ ನಾನೂ ಹೊರಟಿದ್ದೇನೆ ಎಂದಾಗ ಎಲ್ಲರೂ ನಡಿಗೆ ನಿಲ್ಲಿಸಿ ನನ್ನನ್ನು ಸುತ್ತುವರಿದರು.

‘ಎಲ್ಲಿಗೆ ವಿಮಲಾ?’

‘ಉಮರಗಾ, ನಿಲಂಗಾ, ಉದಗೀರ.’

‘ಅದು ಯಾವ ದೇಶದಲ್ಲಿ ಬರುತ್ತೆ?’ ಎಂದು ಒಬ್ಬಾಕೆ ನಿಜವಾಗಿಯೂ ಕೇಳಿದಳು. ಆಫ್ರಿಕಾ ಅಂದಿದ್ದರೂ ನಂಬುತ್ತಿದ್ದಳು, ಪಾಪ.

ಮೈಸೂರಿನಿಂದ ನೋಡಿದರೆ ಅದು ಪರದೇಶವೇ ಸರಿ. ಒಂದು ರಾತ್ರಿ ರೈಲು, ಕಲಬುರಗಿಯಲ್ಲಿ ಇಳಿದು ಬಸ್ಸು. ಆಳಂದ ದಾಟಿ ಸ್ವಲ್ಪ ಹೊತ್ತಿಗೆ ಅಂಗಡಿಗಳ ಬೋರ್ಡು ಮರಾಠಿಗೆ ತಿರುಗುತ್ತದೆ, ಮೊಬೈಲು ಮಹಾರಾಷ್ಟ್ರಕ್ಕೆ ಸ್ವಾಗತ ಎನ್ನುತ್ತದೆ. ಹೊಲ ಮಾತ್ರ ಅದೇ ಹೊಲ. ಆ ಕಡೆ ನಿಂತ ತೊಗರಿಯೇ ಈ ಕಡೆಯೂ ನಿಂತಿರುತ್ತದೆ. ಪಕ್ಕದಲ್ಲಿ ಕೂತ ಹೆಂಗಸು ಕಂಡಕ್ಟರನ ಹತ್ತಿರ ಮರಾಠಿಯಲ್ಲಿ ಚಿಲ್ಲರೆಗೆ ಜಗಳವಾಡಿ, ನನ್ನ ಕಡೆ ತಿರುಗಿ ಕನ್ನಡದಲ್ಲಿ ‘ಯಾವೂರಾಯ್ತ್ರೀ? ಯಾರ ಮಗಳು?’ ಎಂದಳು. ಮೈಸೂರಿನಲ್ಲಿ ಪಕ್ಕದ ಮನೆಯವರಿಗೆ ನನ್ನ ಅಪ್ಪನ ಹೆಸರು ಇವತ್ತಿಗೂ ಗೊತ್ತಿಲ್ಲ. ಈಕೆಗೆ ಉಮರಗಾ ಬರುವಷ್ಟರಲ್ಲಿ ನನ್ನ ಸೋದರತ್ತೆಯ ಬೀಗರ ಹೆಸರೂ ತಿಳಿದಿತ್ತು.

ನಾನು ಹುಟ್ಟಿದ್ದು ಬಸವಕಲ್ಯಾಣದ ಪಕ್ಕದ ಹಳ್ಳಿಯಲ್ಲಿ. ನನ್ನನ್ನು ದಕ್ಷಿಣಕ್ಕೆ ಕೊಟ್ಟರು, ಅಕ್ಕ ಗಿರಿಜಾಳನ್ನು ಗಡಿ ದಾಟಿಸಿ ಉಮರಗಾಕ್ಕೆ ಕೊಟ್ಟರು. ಮೈಸೂರಿನ ಕನ್ನಡ ನನ್ನ ಬಾಯಿಗೆ ಹತ್ತಿ ಮೂವತ್ತು ವರ್ಷದ ಮೇಲಾಯಿತು. ಆದರೂ ಅಕ್ಕನ ಫೋನು ಬಂದರೆ ಸಾಕು, ನಾಲಿಗೆ ತಾನಾಗಿಯೇ ಹಳೆಯ ದಾರಿಗೆ ಬೀಳುತ್ತದೆ. ನನ್ನ ಯಜಮಾನರು ಪೇಪರಿನಿಂದ ತಲೆ ಎತ್ತಿ, ‘ಯಾರ ಜೊತೆ ಜಗಳ?’ ಎಂದು ಕೇಳುತ್ತಾರೆ.

ಈ ಸಲದ ಫೋನು ಚಿಕ್ಕದಾಗಿತ್ತು. ‘ವಿಮಲಾ, ದೊಡ್ಡ ಗಾಡಿ ಉದಗೀರಕ್ಕ ಮಂಗಲಾಗ ಕೊಟ್ಟು ಬರೋದದ. ಕ್ಲಚ್ ಇಲ್ಲದ ಗಾಡಿ ಇಲ್ಲಿ ಯಾರ ಕೈಗೂ ಬಗ್ಗವಲ್ದು. ನೀನೇ ಬಂದು ನಡಸು. ನಾ ಬಾಜೂಕ ಕೂಡ್ತೀನಿ.’

ನನಗೆ ಮೈಸೂರಿನಲ್ಲಿ ಇರುವುದು ಅಂಗೈಯಗಲದ ಒಂದು ಆಟೋಮ್ಯಾಟಿಕ್ ಕಾರು. ಅಷ್ಟರ ಮೇಲೆ ನಂಬಿಕೆಯಿಟ್ಟು ಅಕ್ಕ ನನ್ನ ಕೈಗೆ ಆನೆಯನ್ನು ಕೊಡಲು ಹೊರಟಿದ್ದಳು.

ಉಮರಗಾ

ಆ ಗಾಡಿಯ ಕಂಪನಿಯ ಹೆಸರು ಹೇಳುವುದಿಲ್ಲ. ವಯಸ್ಸಾದವರ ಮಾನ ಕಳೆಯುವುದು ಒಳ್ಳೆಯದಲ್ಲ. ಒಂದು ಕಾಲಕ್ಕೆ ಹೈದರಾಬಾದಿನ ದೊಡ್ಡ ಶ್ರೀಮಂತರೊಬ್ಬರ ಮನೆಯಲ್ಲಿದ್ದ, ನಾಲ್ಕೂ ಚಕ್ರಕ್ಕೆ ಇಂಜಿನ್ನಿನ ಬಲ ಹೋಗುವ ಪರದೇಶದ ಡೀಸೆಲ್ ಗಾಡಿ. ಒಳಗೆ ಕೆನೆಬಣ್ಣದ ಚರ್ಮದ ಸೀಟು, ಎದುರಿಗೆ ನುಣುಪಾದ ಮರದ ಪಟ್ಟಿ, ತಲೆಯ ಮೇಲೆ ತೆರೆಯುವ ಗಾಜಿನ ಕಿಟಕಿ. ಭಾವ ಶರಣಪ್ಪ ಅದನ್ನು ಸೆಕೆಂಡ್ ಹ್ಯಾಂಡಾಗಿ ತಂದಾಗ ಇಡೀ ಓಣಿ ಬಾಗಿಲಿಗೆ ಬಂದು ನಿಂತಿತ್ತಂತೆ. ಮನೆಯಲ್ಲಿ ಅದಕ್ಕೆ ಯಾರೂ ಹೆಸರಿಡಲಿಲ್ಲ. ದೊಡ್ಡ ಗಾಡಿ, ಅಷ್ಟೆ.

ಭಾವ ಅದನ್ನು ಶ್ರೀಮಂತರು ಓಡಿಸಿದ ಹಾಗೆ ಓಡಿಸಿದವರಲ್ಲ. ಹತ್ತಿರದ ದಾಳಿಂಬ ಎಂಬ ಊರಿನಲ್ಲಿ ಅವರ ಹೊಲ. ತೊಗರಿ ಎದೆಮಟ್ಟ ಬೆಳೆದಾಗ ಗಾಡಿಯನ್ನು ಬದುವಿನ ಮೇಲೆ ನಿಲ್ಲಿಸಿ, ಸೀಟಿನ ಮೇಲೆ ಹತ್ತಿ, ಮೇಲಿನ ಕಿಟಕಿಯಿಂದ ಅರ್ಧ ದೇಹ ಹೊರಗೆ ಹಾಕಿ ಬೆಳೆ ನೋಡುತ್ತಿದ್ದರು. ಆ ಕಿಟಕಿ ಮಾಡಿದವರಿಗೆ ಅದು ತೊಗರಿಯ ಕಾಯಿಹುಳ ನೋಡಲು ಎಂದು ಹೊಳೆದಿರಲಿಕ್ಕಿಲ್ಲ. ಚಳಿಗಾಲದ ಹೊಲದ ಹಬ್ಬ ಎಳ್ಳಮಾವಾಸ್ಯೆ ಬಂದರೆ ಅಂಬಲಿಯ ಗಡಿಗೆ, ಸೊಪ್ಪು ಕಾಳಿನ ಭಜ್ಜಿಯ ಪಾತ್ರೆ, ರೊಟ್ಟಿಯ ಬುಟ್ಟಿ, ಓಣಿಯ ಮಕ್ಕಳು ಎಲ್ಲ ಅದರಲ್ಲೇ ಹೊಲಕ್ಕೆ ಹೋಗಬೇಕು. ಸೀಟು ಬಿಸಿ ಮಾಡುವ ಗುಂಡಿಯೊಂದು ಇತ್ತು. ಉಮರಗಾದ ಬೇಸಿಗೆಯಲ್ಲಿ ನಾನು ಅರಿಯದೆ ಅದನ್ನು ಒತ್ತಿ, ಅರ್ಧ ದಾರಿ ಜ್ವರ ಬಂದಿದೆ ಎಂದುಕೊಂಡು ಕೂತಿದ್ದೆ. ಭಾವ ನಕ್ಕ ನಗು ಈಗಲೂ ಕಿವಿಯಲ್ಲಿದೆ. ಎಷ್ಟು ಒಳ್ಳೆಯ ಮನುಷ್ಯ ನಮ್ಮ ಭಾವ!

ಅವರು ತೀರಿಕೊಂಡು ಒಂದು ವರ್ಷದ ಮೇಲಾಗಿತ್ತು. ಗಾಡಿ ತಗಡಿನ ಚಪ್ಪರದ ಕೆಳಗೆ ನಿಂತಲ್ಲೇ ನಿಂತು, ಇಲಿಗಳ ಗೂಡಾಗತೊಡಗಿತ್ತು. ಉದಗೀರದ ಮಂಗಲಾ ಭಾವನ ತಂಗಿಯ ಮಗಳು. ಶಾಲೆ ಕಲಿತದ್ದೆಲ್ಲ ಉಮರಗಾದ ಈ ಮನೆಯಲ್ಲೇ, ಅಕ್ಕನ ಕೈಯಲ್ಲೇ ಉಂಡು. ಅಕ್ಕನಿಗೆ ಮಕ್ಕಳಿಲ್ಲ. ಮಂಗಲಾ ಈಗ ದನದ ಡಾಕ್ಟರು. ಕಾರು ಓಡಿಸಲು ಬರುತ್ತದೆ, ಬಂದು ಒಯ್ಯಲು ಬಿಡುವಿಲ್ಲ. ಕಳೆದ ಮಳೆಗಾಲದಲ್ಲಿ ಒಂದು ಹಸು ಕರು ಹಾಕಲಾರದೆ ಒದ್ದಾಡುತ್ತಿದೆ ಎಂದು ಫೋನು ಬಂದಾಗ, ಅವಳ ಸ್ಕೂಟರು ಎರೆಮಣ್ಣಿನಲ್ಲಿ ಹೂತುಕೊಂಡು, ನಡೆದು ಮುಟ್ಟುವಷ್ಟರಲ್ಲಿ ಹಸು ಸತ್ತಿತ್ತು. ಅಕ್ಕನಿಗೆ ಫೋನು ಮಾಡಿ ತುಂಬ ಹೊತ್ತು ಅತ್ತಳಂತೆ. ಅವತ್ತೇ ಅಕ್ಕ ಗಾಡಿ ಅವಳಿಗೆ ಎಂದುಬಿಟ್ಟಳು. ಅಂದದ್ದು ಮಳೆಗಾಲದಲ್ಲಿ, ನನ್ನನ್ನು ಕರೆಸಿದ್ದು ಎಳ್ಳಮಾವಾಸ್ಯೆ ಕಳೆದ ಮೇಲೆ. ನಡುವೆ ಅಷ್ಟು ತಿಂಗಳು ಏನು ಮಾಡುತ್ತಿದ್ದಳು ಎಂದು ನಾನು ಕೇಳಲಿಲ್ಲ.

ಹೊರಡುವ ದಿನ ಅಕ್ಕ ಗಾಡಿಗೆ ವಿಭೂತಿ ಹಚ್ಚಿದಳು, ಕಾಯಿ ಒಡೆದಳು. ಅಷ್ಟಕ್ಕೆ ಮುಗಿಯಿತು ಎಂದುಕೊಂಡು ನಾನು ಕೀಲಿ ಕೈಗೆ ತೆಗೆದುಕೊಂಡೆ. ಅವಳು ಒಳಗಿನಿಂದ ಮೊರ ತಂದಳು. ಅದರಲ್ಲಿ ಹೊಸ ರವಿಕೆಯ ಖಣ, ಅಕ್ಕಿ, ಅರಿಶಿನ ಬೇರು, ಉತ್ತತ್ತಿ, ಅಡಿಕೆ, ಬೆಲ್ಲದ ಚೂರು. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಸೆರಗಿಗೆ ಹಾಕುವ ಉಡಿ!

‘ಗಾಡಿಗ್ಯಾರ ಉಡಿ ತುಂಬ್ತಾರಕ್ಕ?’ ಎಂದೆ.

‘ಈ ಮನಿಂದ ಹೊಂಟದಲ್ಲ. ಬರಿ ಉಡೀಲೆ ಹ್ಯಾಂಗ ಕಳಸ್ಲಿ?’

ಎಲ್ಲವನ್ನೂ ಖಣದಲ್ಲಿ ಗಂಟು ಹಾಕಿ ಸ್ಟೇರಿಂಗಿಗೆ ಕಟ್ಟಲು ಹೋದಳು. ತಿರುಗಿಸುವುದು ಹೇಗೆ ಎಂದು ನಾನು ತಡೆದೆ. ಕನ್ನಡಿಗೆ ಕಟ್ಟು ಎಂದರೆ, ಉಡಿ ಯಾರಾದರೂ ತಲೆಗೆ ಕಟ್ಟುತ್ತಾರೇನು, ನಡುವಿಗೆ ಬರಬೇಕು ಎಂದಳು. ಗಾಡಿಯ ನಡು ಯಾವುದು ಎಂದು ಇಬ್ಬರೂ ಗಂಭೀರವಾಗಿ ಹುಡುಕಿದೆವು. ಕೊನೆಗೆ ಗೇರಿನ ಹಿಡಿಯೇ ನಡು ಎಂದು ತೀರ್ಮಾನವಾಗಿ, ಖಣದ ಗಂಟು ಅದರ ಬುಡಕ್ಕೆ ಬಿತ್ತು. ಭಾವ ಹೋದ ಮೇಲೆ ಅಕ್ಕ ಯಾರಿಗೂ ಉಡಿ ತುಂಬಿರಲಿಲ್ಲ. ಬೇಡ ಎಂದು ಯಾರೂ ಅಂದಿರಲಿಲ್ಲ, ಅವಳಾಗಿಯೇ ಹಿಂದೆ ಸರಿದಿದ್ದಳು. ಗಾಡಿ ಏನೂ ಅಂದುಕೊಳ್ಳುವುದಿಲ್ಲ ಎಂಬ ಧೈರ್ಯವಿತ್ತೋ ಏನೋ, ಗಂಟು ಹಾಕುವಾಗ ಅವಳ ಬೆರಳು ಎಷ್ಟು ಚೆನ್ನಾಗಿ ಆಡಿದವು!

‘ಹೋದ ಮನ್ಯಾಗ ದೇವರ ಮುಂದ ಬಿಚ್ಚಬೇಕು. ಅಲ್ಲೀ ತನಕ ಯಾರೂ ಕೈ ಹಚ್ಚಬಾರ್ದು,’ ಎಂದು ನನಗೆ ಕಟ್ಟುನಿಟ್ಟು ಮಾಡಿದಳು.

ಹೊಸ ಬ್ಯಾಟರಿ ಹಾಕಿಸಿದ್ದಳು. ಮಧ್ಯಾಹ್ನದ ಬಿಸಿಲಿಗೆ ಕಾದಿದ್ದ ಗಾಡಿ ಕೀಲಿ ತಿರುಗಿಸಿದ್ದೇ ತಡ ಗುಡುಗಿತು. ಅಕ್ಕ ಎಡಗಡೆಯ ತನ್ನ ಸೀಟಿನಲ್ಲಿ ಕೂತು, ಹಿಂದಿರುಗಿ ಮನೆ ನೋಡದೆ ನೇರ ಮುಂದೆ ನೋಡುತ್ತ ಹೊರಟಳು.

ನಿಲಂಗಾ

ಉಮರಗಾದಿಂದ ನಿಲಂಗಾಕ್ಕೆ ಹೋಗುವ ರಸ್ತೆಯ ಬಗ್ಗೆ ಹೇಳಬೇಕೆಂದರೆ, ರಸ್ತೆಯಿದ್ದಲ್ಲಿ ಚೆನ್ನಾಗಿದೆ. ಉಳಿದ ಕಡೆ ಗಾಡಿ ಎತ್ತಿ ಎತ್ತಿ ಹಾಕಿತು. ಗೇರಿನ ಬುಡದಲ್ಲಿ ಉಡಿಯ ಗಂಟು ಸಡಿಲಾಗಿ ನಾಲ್ಕಾರು ಅಕ್ಕಿಕಾಳು ಚೆಲ್ಲಿದವು. ಅಕ್ಕ ಗಂಟನ್ನು ಮತ್ತೆ ಬಿಗಿ ಮಾಡಿ, ಚೆಲ್ಲಿದ ಅಕ್ಕಿಯನ್ನು ಆರಿಸಿ ಸೆರಗಿನ ತುದಿಗೆ ಕಟ್ಟಿಕೊಂಡಳು.

ನಿಲಂಗಾದಲ್ಲಿ ಚಹಾಕ್ಕೆ ನಿಲ್ಲಿಸಿದೆವು. ಆ ಊರಿನ ಹೆಸರಿನಲ್ಲೇ ಒಂದು ಅನ್ನವಿದೆ, ನಿಲಂಗಾ ರೈಸ್ ಅಂತ. ಹಳದಿ ಅನ್ನದ ಮೇಲೆ ಖಾರದ ರಸ ಸುರಿದು, ಕರಿದ ಭಜಿ ಇಟ್ಟು ಕೊಡುತ್ತಾರೆ. ಅದನ್ನು ತಿಂದೇ ಹೋಗೋಣ ಎಂದು ಗೇರನ್ನು ಮುಂದಕ್ಕೆ ತಳ್ಳಿ, ಹ್ಯಾಂಡ್ ಬ್ರೇಕ್ ಎಳೆದು, ಇಂಜಿನ್ ನಿಲ್ಲಿಸಿದೆ. ಕೀಲಿ ಹೊರಗೆ ಬರಲಿಲ್ಲ. ಎಳೆದೆ, ತಿರುಚಿದೆ, ಬೈದೆ. ಬರಲಿಲ್ಲ. ಸರಿ, ಮತ್ತೆ ಚಾಲೂ ಮಾಡಿ ನೋಡೋಣ ಎಂದು ತಿರುಗಿಸಿದರೆ ಟಿಕ್ ಎಂಬ ಸದ್ದೂ ಇಲ್ಲ. ಎದುರಿನ ದೀಪಗಳೆಲ್ಲ ಜಗಜಗ ಉರಿಯುತ್ತಿವೆ, ರೇಡಿಯೋ ಮರಾಠಿಯಲ್ಲಿ ಹಾಡುತ್ತಿದೆ, ಇಂಜಿನ್ ಮಾತ್ರ ಮೌನ.

ಮೈಸೂರಿನಲ್ಲಿ ಗಾಡಿ ಕೆಟ್ಟು ನಿಂತರೆ ಹಿಂದಿನವರು ಹಾರನ್ ಹೊಡೆದು ಪಕ್ಕದಿಂದ ಹೋಗುತ್ತಾರೆ. ಇಲ್ಲಿ ಹೋಗುತ್ತಿದ್ದವರೂ ನಿಂತರು. ‘ಬಂದ ಪಡ್ಲೀ ಕಾ?’, ಕೆಟ್ಟು ನಿಂತಿತೇ ಎಂದು ಮರಾಠಿಯಲ್ಲಿ ಕೇಳಿದವರೇ ಅಕ್ಕನ ಹಣೆಯ ವಿಭೂತಿ ನೋಡಿ ಕನ್ನಡಕ್ಕೆ ಬಂದರು. ಡೀಸೆಲ್ ಮುಗಿದಿದೆ ಎಂದ ಒಬ್ಬ. ಡೀಸೆಲ್ಲಿಗೆ ಗಾಳಿ ಹೊಕ್ಕಿದೆ ಎಂದ ಇನ್ನೊಬ್ಬ. ಮೂರನೆಯವನು ಏನೂ ಹೇಳದೆ ಟೈರಿಗೆ ಒದ್ದು ನೋಡಿದ. ಕೀಲಿ ಗಾಡಿಯಲ್ಲೇ ಸಿಕ್ಕಿಕೊಂಡಿದ್ದರಿಂದ ನಾನು ಇಳಿಯುವ ಹಾಗಿರಲಿಲ್ಲ. ಯಾರೋ ಪುಣ್ಯಾತ್ಮರು ನಿಲಂಗಾ ರೈಸನ್ನು ಕಿಟಕಿಯಿಂದಲೇ ಒಳಗೆ ಕೊಟ್ಟರು. ಖಾರಕ್ಕೆ ಕಣ್ಣಲ್ಲಿ ನೀರು ಬಂದಾಗ ಗುಂಪಿನ ಹೆಂಗಸರು, ಗಾಡಿ ಕೆಟ್ಟಿದ್ದಕ್ಕೆ ಅಳುತ್ತಿದ್ದೇನೆ ಎಂದುಕೊಂಡು ಸಮಾಧಾನ ಮಾಡಿದರು.

ಆಮೇಲೆ ಬಂದವನು ದಿಗಂಬರ, ಪಕ್ಕದ ಗ್ಯಾರೇಜಿನ ಮಿಸ್ತ್ರಿ. ಹೆಂಡತಿ ಭಾಲ್ಕಿಯವಳು, ಅದಕ್ಕೇ ಕನ್ನಡ ಬರುತ್ತದೆ ಎಂದು ಬಾನೆಟ್ ಎತ್ತುವ ಮೊದಲೇ ಹೇಳಿದ. ಅವನ ಆತ್ಮವಿಶ್ವಾಸ ನೋಡಿ ನನಗೆ ಜೀವ ಬಂತು.

‘ಬ್ಯಾಟ್ರಿ ಅದ ಮಾವಶಿ, ಬೇರೆ ಏನಿಲ್ಲ,’ ಎಂದು ನನ್ನನ್ನು ಚಿಕ್ಕಮ್ಮನನ್ನಾಗಿ ಮಾಡಿಕೊಂಡು, ತಂತಿಗಳ ತುದಿ ಬಿಚ್ಚಿ, ಮರಳು ಕಾಗದದಿಂದ ತಿಕ್ಕಿ ಹಾಕಿದ. ಕೀಲಿ ತಿರುಗಿಸಿದೆ. ಏನೂ ಇಲ್ಲ.

‘ಹಾಂ, ಸ್ಟಾರ್ಟರ್ ಹಿಡಕೊಂಡದ. ನಾ ಮೊದ್ಲೇ ಅಂದಿದ್ದೆ,’ ಎಂದ. ಮೊದಲು ಅವನು ಹಾಗೆ ಅಂದಿರಲೇ ಇಲ್ಲ. ಗಾಡಿಯ ಕೆಳಗೆ ನುಗ್ಗಿ ಪಾನಾದಿಂದ ಟಕ ಟಕ ಬಡಿದ. ಏನೂ ಇಲ್ಲ.

ಆಮೇಲೆ ಫ್ಯೂಸು, ರಿಲೇ ಎಂದು ಕರಿ ಡಬ್ಬಿಯೊಂದನ್ನು ತೆರೆದು, ಒಂದರದ್ದು ಇನ್ನೊಂದಕ್ಕೆ ಹಾಕಿ ನೋಡಿದ. ವೈಪರು ಒಣ ಗಾಜಿನ ಮೇಲೆ ಕಿರ್ ಎಂದು ಎರಡು ಸಲ ಓಡಾಡಿತು, ಹಾರನ್ನು ಸತ್ತಿತು. ಇಂಜಿನ್ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಒಳಗಡೆಯೂ ನೋಡುತ್ತೇನೆ ಎಂದು ಬಾಗಿಲಿನಿಂದ ಬಾಗಿದವನು ಗೇರಿನ ಬುಡದ ಖಣವನ್ನು ಕಂಡು ಕೈ ಹಿಂದಕ್ಕೆ ತೆಗೆದುಕೊಂಡ.

‘ಇದು ಉಡಿ ಅಲ್ರೀ?’

‘ಹೌದಪಾ. ಉದಗೀರಕ್ಕ ಹೋಗಿ ಬಿಚ್ಚೋದು,’ ಎಂದಳು ಅಕ್ಕ.

‘ಹಂಗಾದ್ರ ನಾ ಕೈ ಹಚ್ಚಂಗಿಲ್ಲ ಬಿಡ್ರಿ,’ ಎಂದು ಕೈಮುಗಿದು ಮತ್ತೆ ಬಾನೆಟ್ಟಿನ ಕಡೆಗೇ ಹೋದ.

ಗುಂಪಿನಲ್ಲಿ ಪೇರಲಹಣ್ಣಿನ ಬುಟ್ಟಿ ಹೊತ್ತ ಮುದುಕಿಯೊಬ್ಬಳಿದ್ದಳು. ಅವಳು ಬುಟ್ಟಿ ಇಳಿಸಿ, ಖಣವನ್ನು ಕಿಟಕಿಯಿಂದ ನೋಡಿ, ‘ಎಲ್ಲಾ ಛಲೋ ಅದ. ತವರು ಬಿಟ್ಟು ಹೋಗಂಗಿಲ್ಲ ಅಂತದ, ಅಷ್ಟೇ,’ ಎಂದಳು.

ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. ನಾನು ಅವಳ ಮುಖ ನೋಡಿದೆ. ಬೆಳಗಿನಿಂದ ಬಿಗಿಹಿಡಿದಿದ್ದ ಏನೋ ಒಂದು ಅಲ್ಲಿ ಸಡಿಲಾಗಿತ್ತು. ಅವಳಿಗೆ ಸಮಾಧಾನವಾಗಿತ್ತು! ಗಾಡಿ ಕೆಟ್ಟಿದ್ದಕ್ಕೆ ಇಡೀ ನಿಲಂಗಾದಲ್ಲಿ ಖುಷಿಪಟ್ಟವಳು ನಮ್ಮಕ್ಕ ಒಬ್ಬಳೇ.

‘ಕೇಳಿದ್ಯಾ ವಿಮಲಾ?’ ಎಂದಳು. ‘ಅದಕ್ಕ ಮನಸಿಲ್ಲ. ವಾಪಸ್ ಒಯ್ಯೋಣ. ಮಂಗಲಾಗ ನಾ ಹೇಳ್ತೀನಿ.’

ಫೋನು ಮಾಡಿದಳು. ಸದ್ದು ಜೋರಾಗಿದ್ದರಿಂದ ಮಂಗಲಾ ಹೇಳಿದ್ದು ನನಗೂ ಕೇಳಿತು. ‘ಇರ್ಲಿ ಬಿಡು ಮಾಮಿ. ಗಾಡಿ ನಿಂದು. ನಾ ಇಷ್ಟು ದಿನಾ ಹ್ಯಾಂಗ ಮಾಡೀನಿ, ಹಂಗೇ ಮಾಡ್ತೀನಿ.’ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಚುಚ್ಚಿತು. ಅಕ್ಕನಿಗೂ ಚುಚ್ಚಿರಬೇಕು, ಫೋನು ಇಟ್ಟ ಮೇಲೆ ತುಂಬ ಹೊತ್ತು ಸೆರಗಿನ ತುದಿಯ ಅಕ್ಕಿಗಂಟನ್ನು ತಿರುವುತ್ತ ಕೂತಳು. ಆದರೂ ಮಾತು ಬದಲಿಸಲಿಲ್ಲ.

ದಿಗಂಬರನೇ ವ್ಯವಸ್ಥೆ ಮಾಡಿದ. ಕಬ್ಬು ಇಳಿಸಿ ಖಾಲಿ ಹೊರಟಿದ್ದ ಟ್ರ್ಯಾಕ್ಟರೊಂದು ಉಮರಗಾದ ಕಡೆಗೇ ಹೋಗುವುದಿತ್ತು. ಅದಕ್ಕೆ ಹಗ್ಗ ಬಿಗಿದ. ‘ಮಾವಶಿ, ಗೇರು ನ್ಯೂಟ್ರಲ್ ಮಾಡ್ರಿ. ಕೀಲಿ ಒಂದು ಹೆಜ್ಜಿ ತಿರುವಿ ಇಡ್ರಿ, ಇಲ್ಲಂದ್ರ ಸ್ಟೇರಿಂಗ್ ಹಿಡೀತದ,’ ಎಂದು ಹೊರಗಿನಿಂದ ಕೂಗಿದ.

ನಾನು ಗೇರನ್ನು ಹಿಂದಕ್ಕೆ ಎಳೆದು ನ್ಯೂಟ್ರಲ್ಲಿಗೆ ತಂದೆ. ಕೀಲಿ ತಿರುಗಿಸಿದೆ. ಸಿಟ್ಟಿನ ಕೈ, ಒಂದು ಹೆಜ್ಜೆಗೆ ನಿಲ್ಲಲಿಲ್ಲ.

ಗಾಡಿ ಗುಡುಗಿತು.

ಟ್ರ್ಯಾಕ್ಟರಿನವನು ಹೆದರಿ ಕೆಳಗೆ ಹಾರಿದ. ದಿಗಂಬರ ಮಾತ್ರ ಕ್ಷಣವೂ ತಡಮಾಡದೆ, ‘ನಾ ಅಂದಿದ್ದಿಲ್ಲೇನ್ರೀ? ರಿಲೇನೇ!’ ಎಂದು ಗುಂಪಿನ ಕಡೆ ತಿರುಗಿದ. ನನಗೆ ಅಷ್ಟು ಹೊತ್ತಿಗೆ ತಲೆಯಲ್ಲಿ ದೀಪ ಹೊತ್ತಿತ್ತು. ಕ್ಲಚ್ಚಿಲ್ಲದ ಗಾಡಿಗಳು ಗೇರು ತೀರ ಮುಂದಿನ ಪಾರ್ಕಿನಲ್ಲಿ ಅಥವಾ ನ್ಯೂಟ್ರಲ್ಲಿನಲ್ಲಿ ಇದ್ದರೆ ಮಾತ್ರ ಚಾಲೂ ಆಗುತ್ತವೆ. ಪಾರ್ಕಿಗೆ ಬಿದ್ದರೆ ಮಾತ್ರ ಕೀಲಿಯನ್ನೂ ಬಿಡುತ್ತವೆ. ನಾನು ಪಾರ್ಕಿಗೆ ಹಾಕಿದ್ದೇನೆ ಎಂದುಕೊಂಡಿದ್ದೆ. ಹೌದೋ ಅಲ್ಲವೋ ಎಂದು ತೋರಿಸಬೇಕಾದ ಎದುರಿನ ಪುಟ್ಟ ದೀಪ ಭಾವನ ಕಾಲದಲ್ಲೇ ಸತ್ತಿತ್ತು. ಈಗ ಮತ್ತೆ ಮುಂದಕ್ಕೆ ತಳ್ಳಿ ನೋಡಿದೆ. ಹಿಡಿ ಕೊನೆಯವರೆಗೆ ಹೋಗುತ್ತಿಲ್ಲ. ಬೆರಳಗಲ ಮೊದಲೇ ಯಾವುದೋ ಗಟ್ಟಿ ವಸ್ತುವಿಗೆ ತಾಕಿ ನಿಲ್ಲುತ್ತಿದೆ. ಏನು ಎಂದು ನೋಡಲು ಖಣ ಅಡ್ಡ.

ನಾನು ಅಕ್ಕನನ್ನು ನೋಡಿದೆ. ಅವಳಿಗೂ ಅರ್ಥವಾಗಿತ್ತು.

‘ಬಿಚ್ಚಬೇಕೇನು?’ ಎಂದಳು.

‘ಬಿಚ್ಚಿದ್ರ ಗೊತ್ತಾಗ್ತದ. ಬಿಚ್ಚದಿದ್ರ ಹಂಗೇ ವಾಪಸ್ ಒಯ್ಯೋಣ,’ ಎಂದೆ. ಅದಕ್ಕಿಂತ ಹೆಚ್ಚು ಒತ್ತಾಯ ಮಾಡುವ ಧೈರ್ಯ ನನಗೆ ಬರಲಿಲ್ಲ. ನಿಜ ಹೇಳಬೇಕೆಂದರೆ ಆ ಗಾಡಿ ವಾಪಸ್ ಹೋಗಲಿ ಎಂದು ನನಗೂ ಅನಿಸಿತ್ತು. ತಗಡಿನ ಕೆಳಗೆ ಅದು ನಿಂತಿದ್ದರೆ ಭಾವ ಊಟ ಮಾಡಿ ಮಲಗಿದ್ದಾರೆ, ಈಗ ಎದ್ದು ಬರುತ್ತಾರೆ ಎನ್ನಿಸುತ್ತಿತ್ತು.

ಅಕ್ಕ ಕಣ್ಣು ಮುಚ್ಚಿ ತುಟಿಯಲ್ಲೇ ಏನೋ ಅಂದು, ಖಣದ ಗಂಟು ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡಳು. ಗೇರು ಓಡಾಡುವ ಸೀಳಿನ ತುದಿಯಲ್ಲಿ, ಕುಲುಕಾಟಕ್ಕೆ ಉಡಿಯಿಂದ ಜಾರಿದ ಒಂದು ಅಡಿಕೆ ಬೆಣೆ ಬಿಗಿದ ಹಾಗೆ ಕೂತಿತ್ತು. ತುರುಬಿನಿಂದ ಪಿನ್ನು ತೆಗೆದು, ಮೆಲ್ಲಗೆ ಎಬ್ಬಿಸಿ, ಹೊರಗೆ ತೆಗೆದಳು. ನಾನು ಗೇರನ್ನು ತಳ್ಳಿದೆ. ಕಟ್ ಎಂದು ಪಾರ್ಕಿಗೆ ಬಿತ್ತು. ಇಂಜಿನ್ ನಿಲ್ಲಿಸಿ ಎಳೆದರೆ ಕೀಲಿ ಹೊರಗೆ ಬಂತು. ಮತ್ತೆ ಹಾಕಿ ತಿರುಗಿಸಿದರೆ ಮೊದಲ ಸಲಕ್ಕೇ ಹೊತ್ತಿತು.

‘ಅಡಿಕೀ! ಅಡಿಕೀ!’ ಎಂದು ಗುಂಪು ಚಪ್ಪಾಳೆ ಹೊಡೆಯಿತು. ದಿಗಂಬರ ಕೂಡ ಹೊಡೆದು, ಟ್ರ್ಯಾಕ್ಟರಿನ ಹಗ್ಗ ಬಿಚ್ಚಿದ. ಅಕ್ಕ ಅಡಿಕೆಯನ್ನು ಖಣದಲ್ಲಿ ಹಾಕಿ ಮತ್ತೆ ಗಂಟು ಕಟ್ಟಿ, ಈ ಸಲ ತನ್ನ ಮಡಿಲಲ್ಲೇ ಇಟ್ಟುಕೊಂಡಳು.

‘ಯಾ ಕಡಿ ಅಕ್ಕ?’ ಎಂದು ಕೇಳಿದೆ.

‘ಸ್ಟೇರಿಂಗ್ ನಿನ್ನ ಕೈಯಾಗದ,’ ಎಂದು ಕಿಟಕಿಯ ಹೊರಗೆ ನೋಡಿದಳು.

ನಾನು ಉದಗೀರದ ರಸ್ತೆ ಹಿಡಿದೆ. ಅವಳು ಬೇಡ ಅನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ.

ದೇವಣಿ

ದೇವಣಿಯ ಹತ್ತಿರ ಸಂಜೆಯ ದನ ರಸ್ತೆ ತುಂಬ ಬರುತ್ತಿದ್ದವು. ಅಲ್ಲಿಯ ತಳಿಯೇ ಬೇರೆ. ಬಿಳಿ ಮೈ, ಕೆಲವಕ್ಕೆ ಕಪ್ಪು ಮುಖ, ಇಳಿಬಿದ್ದ ಕಿವಿ, ಅವಸರವೆಂಬುದೇ ಗೊತ್ತಿಲ್ಲದ ನಡೆ. ದಿಗಂಬರನ ಕೃಪೆಯಿಂದ ನಮ್ಮ ಗಾಡಿಗೆ ಹಾರನ್ ಇರಲಿಲ್ಲ. ಇದ್ದಿದ್ದರೂ ಅವು ದಾರಿ ಬಿಡುತ್ತಿದ್ದವೆಂದು ನನಗೆ ನಂಬಿಕೆಯಿಲ್ಲ. ಅಕ್ಕ ಗಾಜು ಇಳಿಸಿ ‘ಹೋಯ್, ಸರೀರೆವ್ವಾ’ ಎಂದಳು. ಅವು ಅವಳನ್ನು ಒಮ್ಮೆ ನೋಡಿ, ತಮಗೆ ಬೇಕಾದಾಗ ಸರಿದವು.

ನಿಂತ ಆ ಹೊತ್ತಿನಲ್ಲಿ ನಾನು ಕೇಳಿಯೇಬಿಟ್ಟೆ. ‘ಸಿಟ್ಟು ಬಂದದೇನಕ್ಕ ನನ್ನ ಮ್ಯಾಲೆ?’

‘ನಿನ್ನ ಮ್ಯಾಲ್ಯಾಕ ಸಿಟ್ಟು? ಅಡಿಕಿ ಹಾಕಿದಾಕಿ ನಾನು, ತೆಗದಾಕೀನೂ ನಾನು.’ ಮಡಿಲ ಗಂಟನ್ನು ಸರಿಪಡಿಸಿಕೊಂಡು ಹೇಳಿದಳು: ‘ವಿಮಲಾ, ಅವರು ಹೋದಾಗ ಎಲ್ಲಾರೂ ಮನಿಗೆ ಬಂದಿದ್ರು. ಒಯ್ಯೋ ಮುಂದ ನನ್ನ ಯಾರೂ ಏನೂ ಕೇಳಲಿಲ್ಲ. ಹೊತ್ತಾಯ್ತು ಅಂತ ಎತ್ತಿಕೊಂಡು ಹೋದ್ರು. ಇದನ್ನರೆ ನಾ ಹೋಗು ಅಂದ ಮ್ಯಾಲೆ ಹೋಗ್ಲಿ ಅಂತ ಮಾಡಿದ್ದೆ. ಅನ್ಲಿಕ್ಕೇ ಆಗವಲ್ದು ನೋಡು.’

ಅವಳ ಕೈ ಹಿಡಿದುಕೊಂಡೆ. ದನಗಳು ದಾಟಿ ಮುಗಿದಿದ್ದವು. ಹಿಂದಿನ ಶೇರ್ ಆಟೋದವನು, ಇವರೇಕೆ ಇನ್ನೂ ನಿಂತಿದ್ದಾರೆ ಎಂದು ಇಣುಕಿ ನೋಡಿ, ಪಕ್ಕದಿಂದ ಹೊರಟುಹೋದ.

ಉದಗೀರ

ಮಂಗಲಾ ಬೀದಿಯಲ್ಲೇ ಕಾಯುತ್ತ ನಿಂತಿದ್ದಳು. ಗಾಡಿ ಕಂಡವಳೇ ಓಡಿಬಂದು ಅಕ್ಕನನ್ನು ತಬ್ಬಿಕೊಂಡಳು. ಗಾಡಿಗೆ ಆರತಿ ಎತ್ತಿದಳು. ಖಣದ ಗಂಟನ್ನು ದೇವರ ಮುಂದೆ ಬಿಚ್ಚಿ, ಅಕ್ಕಿಯನ್ನು ಮನೆಯ ಅಕ್ಕಿಯಲ್ಲಿ ಬೆರೆಸಿದಳು. ಅಡಿಕೆಯ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಊಟಕ್ಕೆ ಸಜ್ಜೆ ರೊಟ್ಟಿ, ಬದನೆಕಾಯಿ, ಶೇಂಗಾ ಚಟ್ನಿ. ನನಗೆ ಉದಗೀರದ ಕೋಟೆ ತೋರಿಸುತ್ತೇನೆ ಎಂದು ಮಂಗಲಾ ಮಾತು ಕೊಟ್ಟಳು. ಕೋಟೆ ನೋಡುವುದು ಕೊನೆಗೂ ಆಗಲಿಲ್ಲ, ಗೆಳತಿಯರಿಗೆ ತೋರಿಸಲು ನನ್ನಲ್ಲಿ ಇರುವುದು ದನಗಳ ಫೋಟೋ ಮಾತ್ರ. ಕೀಲಿಯನ್ನು ಅಕ್ಕ ತನ್ನ ಕೈಯಿಂದ ಕೊಡಲಿಲ್ಲ. ನಾನು ಟೇಬಲ್ಲಿನ ಮೇಲೆ ಇಟ್ಟದ್ದು ಅಲ್ಲೇ ಇತ್ತು, ಮಂಗಲಾ ಕೂಡ ಅದನ್ನು ಮುಟ್ಟಲಿಲ್ಲ.

ಬೆಳಗಾಗುವ ಹೊತ್ತಿಗೆ ಅವಳ ಫೋನು ರಿಂಗಾಯಿತು. ನಾವೂ ಎದ್ದೆವು. ದೇವಣಿಯ ಆಚೆಯ ತೋಟವೊಂದರಲ್ಲಿ ಆಕಳಿಗೆ ಹೆರಿಗೆ ಕಷ್ಟವಾಗಿದೆ, ಕರುವಿನ ಒಂದು ಕಾಲು ಮಾತ್ರ ಹೊರಗೆ ಬಂದು ನಿಂತಿದೆ. ಕಬ್ಬಿಗೆ ನೀರು ಬಿಟ್ಟಿದ್ದಾರೆ, ತೋಟದ ದಾರಿಯೆಲ್ಲ ಕೆಸರು. ಮಂಗಲಾ ಚೀಲ ತೆಗೆದುಕೊಂಡು ಬಾಗಿಲಿಗೆ ಬಂದು, ಸ್ಕೂಟರಿನ ಕಡೆ ಒಮ್ಮೆ, ಅಕ್ಕನ ಕಡೆ ಒಮ್ಮೆ ನೋಡಿದಳು. ನಾನು ಕೀಲಿ ತಂದು ಮಂಗಲಾಳ ಕೈಗಿಟ್ಟೆ.

ಹೊರಗೆ ಕೊರೆಯುವ ಚಳಿ, ಗಾಜಿನ ಮೇಲೆಲ್ಲ ಇಬ್ಬನಿ. ಮಂಗಲಾ ಹತ್ತಿ ಕೂತು ಕೀಲಿ ತಿರುಗಿಸಿದಳು. ಇಂಜಿನ್ ಗರಗರ ತಿರುಗಿತು, ಹೊತ್ತಲಿಲ್ಲ. ಗೇರು ಸರಿಯಾಗಿದೆಯೇ ಎಂದು ನಾನು ಇಣುಕಿದೆ. ಸರಿಯಾಗಿಯೇ ಇತ್ತು. ಇನ್ನೊಮ್ಮೆ ತಿರುಗಿಸಿದಳು. ಹೊತ್ತಲಿಲ್ಲ.

‘ಇದಕ್ಕ ನಾ ಬ್ಯಾಡಾಗೀನಿ ಮಾವಶಿ,’ ಎಂದು ಮಂಗಲಾ ನನಗೆ ಹೇಳಿ ಇಳಿಯಲು ಹೊರಟಳು. ಅವಳ ಕಣ್ಣು ತುಂಬಿತ್ತು.

ಆಗ ಅಕ್ಕ ಶಾಲು ಹೊದ್ದುಕೊಂಡು, ಬರಿಗಾಲಿನಲ್ಲೇ ಮೆಟ್ಟಿಲಿಳಿದು ಬಂದಳು. ಡ್ರೈವರ್ ಬದಿಯ ಕಿಟಕಿಯ ಮೇಲೆ ಕೈಯಿಟ್ಟಳು.

‘ಅವಸರ ಮಾಡಬ್ಯಾಡ. ಥಂಡ್ಯಾಗ ಹಂಗೇ ಏಳಂಗಿಲ್ಲ ಅದು. ಅರ್ಧಾ ತಿರುವಿ ಹಿಡಿ. ಹಳದಿ ದೀಪ ಹತ್ತತದ, ಅದು ಆರೋ ತನಕ ತಡಿ.’

ಮಂಗಲಾ ಅರ್ಧ ತಿರುಗಿಸಿದಳು. ಸುರುಳಿಯ ಆಕಾರದ ಪುಟ್ಟ ಹಳದಿ ದೀಪ ಹೊತ್ತಿತು.

‘ಅಷ್ಟೊತ್ತಿನ್ಯಾಗ ನಿಮ್ಮ ಮಾಮಾ ನನ್ನ ಕಡಿ ಹೊಳ್ಳಿ ಕೇಳ್ತಿದ್ರು,’ ಎಂದಳು ಅಕ್ಕ. ‘“ಹೋಗೂಣೇನು?” ಅಂತ. ನಾ ಹೂಂ ಅಂದ ಮ್ಯಾಲೇ ಪೂರಾ ತಿರುವೋರು. ಹೊಲಕ್ಕ ಹೋಗ್ಲಿ, ಊರಿಗೆ ಹೋಗ್ಲಿ, ಒಂದಿನಾ ತಪ್ಪಿಸ್ಲಿಲ್ಲ.’

ಇಷ್ಟು ವರ್ಷದಲ್ಲಿ ನನಗೆ ಇದು ಗೊತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಎಷ್ಟೋ ಸಲ ಕೂತಿದ್ದೇನೆ, ಗಂಡ ಹೆಂಡತಿ ಏನೋ ಮಾತಾಡಿಕೊಳ್ಳುತ್ತಾರೆ ಎಂದು ಕಿವಿಗೊಟ್ಟಿರಲಿಲ್ಲ.

ಮಂಗಲಾಳ ಮಡಿಲಲ್ಲಿ ಫೋನು ಮತ್ತೆ ರಿಂಗಾಯಿತು. ಅವಳು ತೆಗೆಯಲಿಲ್ಲ. ಕೀಲಿಯನ್ನು ಹಾಗೆಯೇ ಹಿಡಿದುಕೊಂಡು ಅಕ್ಕನ ಕಡೆ ತಿರುಗಿದಳು.

‘ಮಾಮಿ, ಹೋಗೂಣೇನು?’

ಹಳದಿ ದೀಪ ಆರಿತು. ಅಕ್ಕ ಕೈ ತೆಗೆದು ಶಾಲಿನೊಳಗೆ ಎಳೆದುಕೊಂಡಳು.

‘ಹೂಂ,’ ಎಂದಳು. ‘ಹೋಗವ್ವಾ. ಆಕಳ ಕಾಯ್ಲಿಕತ್ತದ.’

ಗಾಡಿ ಒಂದೇ ಸಲಕ್ಕೆ ಹೊತ್ತಿತು. ಓಣಿಯ ತಿರುವಿನಲ್ಲಿ ಹಿಂದಿನ ಕೆಂಪು ದೀಪಗಳು ಕಾಣದಾಗುವವರೆಗೂ ಅಕ್ಕ ಅಲ್ಲೇ ನಿಂತಿದ್ದಳು. ಆಮೇಲೆ ಶಾಲಿನ ತುದಿಯಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದಳು.

‘ಉಮರಗಾಕ್ಕ ಮೊದಲನೇ ಬಸ್ ಎಷ್ಟಕ್ಕದ, ಕೇಳು.’